ಅಂಗಾಲಿಗೆ ಅಂಟಿದ ಸಾಕ್ಷಿ

ಮಳೆಗಾಲದ ಶುರುವಿಗೆ ಕಾರವಾರದ ಮರಳಿನ ಮೇಲೆ ಬರಿಗಾಲಲ್ಲಿ ನಡೆದವರಿಗೆ ಇದು ಗೊತ್ತಿರುತ್ತದೆ. ಮನೆಗೆ ಬಂದು ನೋಡಿದರೆ ಅಂಗಾಲಿಗೆ ಕಪ್ಪಗೆ, ಜಿಗುಟಾಗಿ ಡಾಂಬರು ಮೆತ್ತಿಕೊಂಡಿರುತ್ತದೆ. ಅದು ಸೋಪಿಗೆ ಜಗ್ಗುವುದಿಲ್ಲ, ಬಿಸಿನೀರಿಗೂ ಜಗ್ಗುವುದಿಲ್ಲ. ನಾನು ಚಿಕ್ಕವನಿದ್ದಾಗ ಆಯಿ ಹಳೇ ಪಂಚೆಯ ತುಂಡಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಹಿಮ್ಮಡಿ ತಿಕ್ಕುತ್ತಿದ್ದಳು. ಎರಡು ನಿಮಿಷದಲ್ಲಿ ಕಪ್ಪೆಲ್ಲ ಬಟ್ಟೆಗೆ ಬರುತ್ತಿತ್ತು. “ಮಳೆಗಾಲ ಬಂತಲ್ಲ, ಸಮುದ್ರ ತನ್ನ ಹೊಲಸು ಉಗುಳ್ತದೆ” ಎನ್ನುತ್ತಿದ್ದರು ಅಕ್ಕಪಕ್ಕದವರು.

ಈ ಮಾತು ಈಗಲೂ ಕಿವಿಗೆ ಬೀಳುತ್ತದೆ, ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅರಬ್ಬಿ ಸಮುದ್ರದ ನಡುವೆ ಯಾರೋ ಚೆಲ್ಲಿದ ಎಣ್ಣೆಯ ಹಗುರ ಭಾಗ ಆವಿಯಾಗಿ ಹೋಗುತ್ತದೆ. ಉಳಿದದ್ದು ನೀರಿನ ಜೊತೆ ಕಲಸಿಕೊಂಡು, ಅಲೆಗೆ ಹೊರಳಿ ಗಟ್ಟಿಯಾದ ಡಾಂಬರಿನ ಉಂಡೆಯಾಗುತ್ತದೆ. ನೈರುತ್ಯದ ಗಾಳಿ ಅದನ್ನು ದಡಕ್ಕೆ ತಳ್ಳುತ್ತದೆ. ಮಳೆಗಾಲಕ್ಕೂ ಉಂಡೆಗೂ ಇರುವ ನಂಟು ಈ ಗಾಳಿಯದ್ದು. ಸಮುದ್ರ ತಾನೇ ಮಾಡಿಕೊಂಡ ಹೊಲಸು ಎಂದುಬಿಟ್ಟರೆ ಚೆಲ್ಲಿದವನು ಪಾರಾದ ಹಾಗೆಯೇ.

ಚೆಲ್ಲುವವರು ಯಾರು? ಕಚ್ಚಾ ತೈಲ ಇಳಿಸಿದ ಮೇಲೂ ಟ್ಯಾಂಕರ್ ಹಡಗಿನ ಒಳಗೋಡೆಗೆ, ತಳಕ್ಕೆ ದಪ್ಪ ಎಣ್ಣೆ ಮೆತ್ತಿಕೊಂಡೇ ಇರುತ್ತದೆ. ಮೊದಲೆಲ್ಲ ಅದನ್ನು ಸಮುದ್ರದ ನೀರಿನಿಂದ ತೊಳೆದು, ತೊಳೆದ ನೀರನ್ನು ಸಮುದ್ರಕ್ಕೇ ಸುರಿಯುತ್ತಿದ್ದರು. 1954ರ ಲಂಡನ್ ಒಪ್ಪಂದ ದಡದ ಹತ್ತಿರ ಸುರಿಯಬೇಡಿ ಎಂದಿತು, ದೂರದಲ್ಲಿ ಸುರಿಯುವುದು ನಡೆದೇ ಇತ್ತು. ಜಗತ್ತು ಬೆಚ್ಚಿದ್ದು 1967ರ ಮಾರ್ಚ್ 18ರಂದು. ‘ಟೋರಿ ಕ್ಯಾನ್ಯನ್’ ಎಂಬ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ಬಂಡೆಗೆ ಬಡಿಯಿತು. ಅದರಲ್ಲಿದ್ದದ್ದು ಸುಮಾರು 1 ಲಕ್ಷ 19 ಸಾವಿರ ಟನ್ ತೈಲ. ಏನು ಮಾಡಬೇಕೆಂದು ತೋಚದೆ ಬ್ರಿಟಿಷರು ವಿಮಾನದಿಂದ ಬಾಂಬು ಹಾಕಿ ಎಣ್ಣೆ ಸುಡಲು ನೋಡಿದರು. ಕಲ್ಲುಬಂಡೆಗಳ ಮೇಲೆ ಸುರಿದ ಡಿಟರ್ಜೆಂಟು ಅಲ್ಲಿನ ಚಿಪ್ಪು, ಬಸವನಹುಳುಗಳನ್ನು ಎಣ್ಣೆಗಿಂತ ಹೆಚ್ಚು ಕೊಂದಿತು.

ಆ ಪೆಟ್ಟಿನಿಂದ ಹುಟ್ಟಿದ್ದು, ಹಡಗುಗಳು ಸಮುದ್ರ ಕೆಡಿಸದಂತೆ ತಡೆಯುವ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದ. ರೂಪುಗೊಂಡದ್ದು 1973ರಲ್ಲಿ, 1978ರಲ್ಲಿ ಬಿಗಿಯಾಯಿತು, 1983ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಎಂಜಿನ್ ಕೋಣೆಯ ಕೊಳೆನೀರನ್ನು ಹೊರಬಿಡಬೇಕಾದರೆ ಅದರಲ್ಲಿ ಎಣ್ಣೆ ಹತ್ತು ಲಕ್ಷಕ್ಕೆ 15 ಪಾಲು ಮೀರಬಾರದು. ಸಾವಿರ ಲೀಟರ್ ನೀರಿಗೆ ಮೂರು ಟೀ ಚಮಚ! ಕಚ್ಚಾ ತೈಲದ ದೊಡ್ಡ ಟ್ಯಾಂಕರುಗಳಿಗೆ ಅದು ತಂದ ಇನ್ನೊಂದು ನಿಯಮ ಓದಿದಾಗ ನನಗೆ ಆಯಿಯ ಪಂಚೆಯ ತುಂಡೇ ನೆನಪಾಯಿತು. ಟ್ಯಾಂಕನ್ನು ನೀರಿನಿಂದಲ್ಲ, ಕಚ್ಚಾ ತೈಲದಿಂದಲೇ ತೊಳೆಯಬೇಕು. ಎಣ್ಣೆಯ ಜಿಡ್ಡು ಎಣ್ಣೆಯಲ್ಲೇ ಕರಗುತ್ತದೆ. ಕರಗಿದ್ದು ಸರಕಿನ ಜೊತೆ ಬಂದರಿನಲ್ಲೇ ಇಳಿಯುತ್ತದೆ, ಹಡಗಿನ ಮಾಲೀಕನಿಗೂ ಲಾಭ. ಕೊಬ್ಬರಿ ಎಣ್ಣೆಯ ಬುದ್ಧಿ ಅಂತರರಾಷ್ಟ್ರೀಯ ಕಾನೂನಾದ ಕಥೆ ಇದು.

ಆದರೆ ನಡುಸಮುದ್ರದಲ್ಲಿ ರಾತ್ರಿ ಎರಡು ಗಂಟೆಗೆ ಕಾನೂನು ಪಾಲಿಸಿದರೋ ಇಲ್ಲವೋ ನೋಡುವವರು ಯಾರು? ಪ್ರತಿ ದೊಡ್ಡ ಹಡಗಿನಲ್ಲೂ ಎಣ್ಣೆಯ ಲೆಕ್ಕದ ಪುಸ್ತಕವಿದೆ, ಬರೆಯುವವರು ಹಡಗಿನವರೇ. ‘ಕೆರಿಬಿಯನ್ ಪ್ರಿನ್ಸೆಸ್’ ಎಂಬ ಪ್ರವಾಸಿ ಹಡಗಿನಲ್ಲಿ ಶುದ್ಧೀಕರಣ ಯಂತ್ರವನ್ನು ತಪ್ಪಿಸಿ ಕೊಳೆನೀರು ಬಿಡುವ ಗುಟ್ಟಿನ ಕೊಳವೆ ಇತ್ತು. ಹೊಸದಾಗಿ ಸೇರಿದ ಎಂಜಿನಿಯರೊಬ್ಬ 2013ರಲ್ಲಿ ಧೈರ್ಯ ಮಾಡಿ ಹೇಳಿದ್ದರಿಂದ ಅದು ಬಯಲಾಯಿತು. 2016ರಲ್ಲಿ ತಪ್ಪೊಪ್ಪಿಕೊಂಡ ಕಂಪನಿಗೆ 4 ಕೋಟಿ ಡಾಲರ್ ದಂಡ ಬಿತ್ತು. ಉಪಗ್ರಹದ ರೇಡಾರ್ ಕೂಡ ಎಣ್ಣೆಯನ್ನು ಕಾಣುತ್ತದೆ. ಎಣ್ಣೆಯ ಪದರ ಸಣ್ಣ ಅಲೆಗಳನ್ನು ಅಡಗಿಸುವುದರಿಂದ ಆ ಜಾಗ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತದೆ. ಆದರೆ ಗಾಳಿ ಬಿದ್ದುಹೋದ ಜಾಗವೂ ಹಾಗೇ ಕಪ್ಪು. ಕಪ್ಪನ್ನು ತೋರಿಸಿದ ಮಾತ್ರಕ್ಕೆ ಯಾರದೆಂದು ಹೇಳಿದಂತಾಗಲಿಲ್ಲ.

ಅದನ್ನು ಹೇಳುವುದು ಎಣ್ಣೆಯೇ. ಹುಳಿಪುಡಿ ನೆನಪಿಸಿಕೊಳ್ಳಿ. ಕೊತ್ತಂಬರಿ, ಮೆಣಸು, ಮೆಂತ್ಯ, ಜೀರಿಗೆ ಎಲ್ಲರ ಮನೆಯಲ್ಲೂ ಅವೇ. ಆದರೂ ಒಂದು ತುತ್ತು ಬಾಯಿಗಿಟ್ಟರೆ ಇದು ಯಾರ ಮನೆಯದೆಂದು ಗೊತ್ತಾಗುತ್ತದೆ, ಏಕೆಂದರೆ ಪ್ರಮಾಣ ಬೇರೆ. ಕಚ್ಚಾ ತೈಲವೂ ಹೀಗೆಯೇ ಸಾವಿರಾರು ಅಣುಗಳ ಮಿಶ್ರಣ, ಒಂದೊಂದು ತೈಲಕ್ಷೇತ್ರದ್ದು ಒಂದೊಂದು ಪ್ರಮಾಣ. ಸಮುದ್ರದಲ್ಲಿ ವಾರಗಟ್ಟಲೆ ತೇಲಿದಾಗ ಘಮ ಹಾರಿಹೋಗಬಹುದು, ಬ್ಯಾಕ್ಟೀರಿಯಾ ಒಂದಿಷ್ಟು ತಿನ್ನಬಹುದು. ಚಿತೆ ಆರಿದ ಮೇಲೂ ಮೂಳೆ ಉಳಿಯುವ ಹಾಗೆ ಉಳಿಯುವ ಅಣುಗಳೂ ಇವೆ. ಅವುಗಳಲ್ಲಿ ಮುಖ್ಯವಾದದ್ದು ಹೋಪೇನ್.

ಐದು ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಅಣು ಇದು. ನಮ್ಮ ಜೀವಕೋಶದ ಪೊರೆಗೆ ಕೊಲೆಸ್ಟೆರಾಲ್ ಇರುವಂತೆ ಹಲವು ಬ್ಯಾಕ್ಟೀರಿಯಾಗಳ ಪೊರೆಗೆ ಇದರ ಬಳಗದ ಅಣುಗಳು ಆಧಾರ. ಕೋಟ್ಯಂತರ ವರ್ಷ ಹಿಂದೆ ಕೆಸರಿನಲ್ಲಿ ಹೂತ ಬ್ಯಾಕ್ಟೀರಿಯಾದ ಅಸ್ಥಿಪಂಜರ ನನ್ನ ಹಿಮ್ಮಡಿಯಲ್ಲಿತ್ತು! ಹೆಸರಿನ ಕಥೆ ಇನ್ನೂ ಚೆಂದ. ಹೋಪಿಯಾ ಎಂಬ ಮರದ ಕುಲದಿಂದ ಈ ಹೆಸರು ಬಂತು. ಮರದ ಕುಲಕ್ಕೆ ಆ ಹೆಸರಿಟ್ಟದ್ದು ಎಡಿನ್‌ಬರಾದ ಸಸ್ಯವಿಜ್ಞಾನಿ ಜಾನ್ ಹೋಪ್ ನೆನಪಿಗೆ. ನಮ್ಮ ಘಟ್ಟದ ಕಿರಾಲ್‌ಬೋಗಿ ಅದೇ ಕುಲದ ಮರ. ಹೂಬಿಡುವ ಗಿಡಗಳಿಂದ ಬರುವ ಓಲಿಯನೇನ್ ಎಂಬ ಅಣುವೂ ಇದೆ. ಅದು ಎದ್ದು ಕಂಡರೆ, ಹೂಗಿಡಗಳು ಭೂಮಿಗೆ ಬಂದ ನಂತರದ ಕೆಸರಿನಿಂದ ಆದ ಎಣ್ಣೆ ಅದು.

ಈ ಅಣುಗಳನ್ನು ಬಿಡಿಸುವ ಬಗೆಗೆ ಜಾತ್ರೆಯ ಬೀದಿಯೇ ಸರಿಯಾದ ಹೋಲಿಕೆ. ಹತ್ತಾರು ಮೀಟರ್ ಉದ್ದದ, ಬಹಳ ಸಣ್ಣ ಕೊಳವೆಯ ಒಳಗೋಡೆಗೆ ಲೇಪ ಬಳಿದಿರುತ್ತಾರೆ. ಎಣ್ಣೆಯ ಅಣುಗಳನ್ನು ಬಿಸಿ ಮಾಡಿ ಅನಿಲದ ಜೊತೆ ಅದರೊಳಗೆ ಓಡಿಸುತ್ತಾರೆ. ತೇರು ಬೀದಿಯ ಒಂದು ತುದಿಯಿಂದ ಎಲ್ಲರೂ ಒಟ್ಟಿಗೆ ಹೊರಟರೂ ಬಳೆ ಅಂಗಡಿ, ಮಿಠಾಯಿ ಅಂಗಡಿಗೆ ಮನಸೋಲುವವರು ತಡವಾಗಿ ಬರುತ್ತಾರಲ್ಲ, ಹಾಗೆ ಲೇಪಕ್ಕೆ ಅಂಟಿಕೊಳ್ಳುವ ಅಣು ಹಿಂದೆ ಬೀಳುತ್ತದೆ. ಆಚೆ ತುದಿಯಲ್ಲಿ ಕೂತ ಯಂತ್ರ ಬಂದ ಅಣುವನ್ನು ಒಡೆದು ಚೂರುಗಳನ್ನು ತೂಗುತ್ತದೆ. ಹೈಡ್ರೋಜನ್ ಪರಮಾಣುವಿನ ತೂಕ ಸುಮಾರು 1 ಎನ್ನುವ ಲೆಕ್ಕದಲ್ಲಿ, ಹೋಪೇನ್‌ಗಳು ಒಡೆದಾಗ 191 ತೂಕದ ಚೂರು ಎದ್ದು ಕಾಣುತ್ತದೆ. ಆ ಚೂರುಗಳ ಏರಿಳಿತದ ನಕ್ಷೆಯೇ ಬೆರಳಚ್ಚು. ಗುಜರಾತಿನ ದಡಕ್ಕೆ ಬಂದ ಉಂಡೆಗಳ ಮೂಲವನ್ನು ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಹುಡುಕಿದ್ದು ಇಂಥ ಬೆರಳಚ್ಚು ಮತ್ತು ಸಮುದ್ರಪ್ರವಾಹದ ಲೆಕ್ಕ ಎರಡನ್ನೂ ಜೋಡಿಸಿ.

ಬಂದರುಗಳ ಹೊಣೆಯೂ ಕಡಿಮೆಯದಲ್ಲ. ಕೊಳೆ ಎಣ್ಣೆ ಇಳಿಸಿಕೊಳ್ಳಲು ಪ್ರತ್ಯೇಕ ಶುಲ್ಕ ಕೇಳಿದರೆ ಹಡಗಿನವರಿಗೆ ಸಮುದ್ರವೇ ಅಗ್ಗ. ಬಾಲ್ಟಿಕ್ ದೇಶಗಳು ಆ ಖರ್ಚನ್ನು ಬಂದರಿನ ಸಾಮಾನ್ಯ ಶುಲ್ಕದಲ್ಲೇ ಸೇರಿಸಿದವು. ಇಳಿಸಿದರೂ ಅಷ್ಟೇ, ಇಳಿಸದಿದ್ದರೂ ಅಷ್ಟೇ. ಇದಕ್ಕಿಂತ ಒಳ್ಳೆಯ ನಿಯಮ ನನಗೆ ಕಂಡಿಲ್ಲ.

ಬೆರಳಚ್ಚು ಹೋಲಿಸಲು ದಡದ ಮಾದರಿಯೂ ಬೇಕು, ಹಡಗಿನ ಮಾದರಿಯೂ ಬೇಕು. ಪ್ರವಾಸಿಗರು ಬರುವ ಹೊತ್ತಿಗೆ ಉಂಡೆಗಳನ್ನೆಲ್ಲ ಸಲಿಕೆಯಲ್ಲಿ ಬಾಚಿ ಗೋಣಿಚೀಲಕ್ಕೆ ತುಂಬಿ ಒಯ್ಯುವುದನ್ನು ನಾನೇ ನಿಂತು ನೋಡಿದ್ದೇನೆ. ಒಂದು ಉಂಡೆಯನ್ನೂ ಯಾರೂ ತೆಗೆದಿಡಲಿಲ್ಲ. ತೆಗೆದಿಡುವುದೇನೂ ಕಷ್ಟವಲ್ಲ. ಪ್ಲಾಸ್ಟಿಕ್ ಮುಟ್ಟಿಸಬಾರದು, ಅದೂ ಎಣ್ಣೆಯ ಬಳಗದ್ದೇ. ಸ್ಟೀಲ್ ಚಮಚದಲ್ಲಿ ಎತ್ತಿ, ತೊಳೆದು ಒಣಗಿಸಿದ ಗಾಜಿನ ಶೀಷೆಗೆ ಹಾಕಿ, ಮುಚ್ಚಳದ ಒಳಗೆ ಅಲ್ಯೂಮಿನಿಯಂ ಹಾಳೆ ಇಟ್ಟು, ತಣ್ಣಗಿನ ಕತ್ತಲೆಯಲ್ಲಿ ಇಡಬೇಕು. ಶೀಷೆಯ ಮೇಲೆ ತಾರೀಖು, ಗಂಟೆ, ದಡದ ಹೆಸರು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದನ್ನು ಬರೆಯಬೇಕು.