ಐದನೆಯ ತಂತಿಯ ಕರೆ

ಸೋಮವಾರಪೇಟೆಯಲ್ಲಿ ನಮ್ಮ ನೆರೆಮನೆಯ ನಿವೃತ್ತ ಮೇಷ್ಟ್ರ ಬಳಿ ವಿಂಡೋಸ್ 98 ಇರುವ ಹಳೆಯ ಪೆಂಟಿಯಂ ಕಂಪ್ಯೂಟರ್ ಒಂದಿದೆ. ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಉಚ್ಚರಿಸಿ ಹೇಳಿಕೊಡುವ, ವಿಂಡೋಸ್‌ಗೂ ಹಿಂದಿನ ಕಾರ್ಯಾಚರಣ ವ್ಯವಸ್ಥೆಯಾದ ಡಾಸ್‌ನ ಕಾಲದ ತಂತ್ರಾಂಶವೊಂದನ್ನು ಅವರು ಅದರಲ್ಲಿ ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಕಳೆದ ಮಳೆಗಾಲ ಮುಗಿದ ಮೇಲೆ ಅಟ್ಟದಿಂದ ಇಳಿಸಿ ಚಾಲೂ ಮಾಡಿದಾಗ ಆ ತಂತ್ರಾಂಶದ ಆರಂಭದ ಸಂಗೀತ ಎಂದಿನಂತೆಯೇ ಕೇಳಿಸಿತು. ಆದರೆ 'ಆ್ಯಪಲ್' ಎನ್ನಬೇಕಾದ ಧ್ವನಿ 'ಆ್ಯಪ್, ಆ್ಯಪ್, ಆ್ಯಪ್' ಎಂದು ಸೆಕೆಂಡಿಗೆ ಎರಡು ಮೂರು ಬಾರಿಯಂತೆ ನಿಲ್ಲದೆ ತೊದಲತೊಡಗಿತು.

ಆ ತೊದಲು ಮನೆಯವರನ್ನು ಹೆದರಿಸಿತ್ತು. ಯಂತ್ರಕ್ಕೆ ಗಾಳಿ ಸೋಕಿದೆ ಎಂದು ಹಿರಿಯರೊಬ್ಬರು ಅದರ ಮೇಲೆ ನಿಂಬೆಹಣ್ಣು ಇಡಿಸಿದ್ದರು. ರಿಪೇರಿ ಅಂಗಡಿಯೊಂದರಲ್ಲಿ ವಿಂಡೋಸ್ ಅನ್ನು ಮೂರು ಸಲ ಹೊಸದಾಗಿ ಹಾಕಿ, ಕೊನೆಗೆ ಧ್ವನಿ ಹೊರಡಿಸುವ ಸೌಂಡ್ ಕಾರ್ಡ್ ಸತ್ತಿದೆ ಎಂದು ಹೇಳಿ ಕಳುಹಿಸಿದ್ದರು. ಕಾರಣವನ್ನು ಹುಡುಕದೆ ಮಾಡುವ ಈ ಎರಡು ಉಪಚಾರಗಳ ನಡುವೆ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಆ ತೊದಲೇ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವಾಗಿತ್ತು; ಕಿವಿಗೊಟ್ಟು ಕೇಳಿದ್ದರೆ ಯಾವ ಭಾಗ ಸರಿಯಿದೆ, ಯಾವುದು ಕೆಟ್ಟಿದೆ ಎಂಬುದನ್ನು ಪೆಟ್ಟಿಗೆ ಬಿಚ್ಚುವ ಮೊದಲೇ ಹೇಳಬಹುದಾಗಿತ್ತು.

ಸಂಗೀತ ಬಂದು ಮಾತು ಬಾರದಿದ್ದುದು ಮೊದಲನೆಯ ಸುಳಿವು. 1992ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ 16 ಮಾದರಿಯ ಕಾರ್ಡುಗಳಲ್ಲಿ ಇವೆರಡೂ ಬೇರೆಬೇರೆ ದಾರಿಯಲ್ಲಿ ಹುಟ್ಟುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರರು ಒಂದು ಸ್ವರದ ಕಂಪನವನ್ನು ವೇಗಗೊಳಿಸುತ್ತಾ ಹೋದಾಗ, ಒಂದು ಹಂತದಲ್ಲಿ ಕಂಪನ ಮಾಯವಾಗಿ ಸ್ವರದ ಬಣ್ಣವೇ ಬದಲಾಗುವುದನ್ನು ಗಮನಿಸಿದರು. ಎರಡೇ ಎರಡು ಸರಳ ಅಲೆಗಳಿಂದ ಘಂಟಾನಾದವನ್ನೂ ತುತ್ತೂರಿಯ ದನಿಯನ್ನೂ ಹೋಲುವ ಸ್ವರಗಳನ್ನು ಸೃಷ್ಟಿಸಬಹುದೆಂಬ ಈ ವಿಧಾನದ ಪರವಾನಗಿಯನ್ನು ಜಪಾನಿನ ಯಮಾಹಾ ಪಡೆಯಿತು. ಅದರಿಂದ 1983ರಲ್ಲಿ ಡಿಎಕ್ಸ್7 ಕೀಬೋರ್ಡ್ ಬಂತು. ಅದೇ ತತ್ತ್ವದ ಚಿಕ್ಕ ಚಿಪ್ಪುಗಳು ಮುಂದೆ ಸೌಂಡ್ ಕಾರ್ಡುಗಳನ್ನೂ ಸೇರಿದವು. ಈ ಚಿಪ್ಪು ಸ್ವರಲಿಪಿ ನೋಡಿ ನುಡಿಸುವ ವಾದಕನಿದ್ದಂತೆ: ಯಾವ ಸ್ವರ, ಎಷ್ಟು ಜೋರು ಎಂದು ಪ್ರೊಸೆಸರ್ ಹೇಳಿದರೆ ಸಾಕು, ಉಳಿದುದನ್ನು ಅದೇ ನೋಡಿಕೊಳ್ಳುತ್ತದೆ. ಮನುಷ್ಯನ ಮಾತಿಗೆ ಮಾತ್ರ ಪ್ರತಿಯೊಂದು ಕ್ಷಣದ ಅಲೆಯ ಎತ್ತರವನ್ನೂ ಅಂಕಿಯಾಗಿ ಕಾರ್ಡಿಗೆ ಹರಿಸುತ್ತಲೇ ಇರಬೇಕು. ಸಿ.ಡಿ. ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 1,76,400 ಬೈಟ್ ಬೇಕು. ಮೇಷ್ಟ್ರ ತಂತ್ರಾಂಶದಂಥ ಸರಳ ಧ್ವನಿಗೂ 11,025 ಬೈಟ್ ಬೇಕು.

ಇಷ್ಟನ್ನೂ ಪ್ರೊಸೆಸರೇ ಒಂದೊಂದಾಗಿ ಹೊತ್ತು ಹಾಕುತ್ತಾ ಕುಳಿತರೆ ಬೇರೆ ಕೆಲಸ ಸಾಗುವುದಿಲ್ಲ. ಆದ್ದರಿಂದ ಡಿಎಂಎ ಎಂಬ ಸಹಾಯಕ ಚಿಪ್ಪು ಸ್ಮೃತಿಯಿಂದ ನೇರವಾಗಿ ಕಾರ್ಡಿಗೆ ಬೈಟುಗಳನ್ನು ಸಾಗಿಸುತ್ತದೆ. ಗೋಡೆಯ ಮೇಲೊಂದು ಕರಿಹಲಗೆಯಿದೆ ಎಂದುಕೊಳ್ಳಿ. ಹುಡುಗನೊಬ್ಬ ಅದರಲ್ಲಿ ಬರೆದುದನ್ನು ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದುತ್ತಾನೆ, ಕೆಳಗೆ ಮುಟ್ಟಿದೊಡನೆ ಮತ್ತೆ ಮೇಲಿನಿಂದ ಆರಂಭಿಸುತ್ತಾನೆ, ಅವನೇ ಡಿಎಂಎ. ಅರ್ಧ ಹಲಗೆ ಓದಿ ಮುಗಿದಾಗಲೆಲ್ಲ ಒಂದು ಗಂಟೆ ಬಾರಿಸುತ್ತದೆ. ಬಾರಿಸುವುದು ಸೌಂಡ್ ಕಾರ್ಡ್. ಆಗ ಪಕ್ಕದ ಕೋಣೆಯಿಂದ ಮೇಷ್ಟ್ರು, ಎಂದರೆ ಪ್ರೊಸೆಸರ್, ಬಂದು ಓದಿ ಮುಗಿದ ಅರ್ಧವನ್ನು ಒರೆಸಿ ಮುಂದಿನ ಪಾಠ ಬರೆದು ಹೋಗುತ್ತಾರೆ. ಗಂಟೆ ಕೇಳಿಸದಿದ್ದರೆ ಮೇಷ್ಟ್ರು ಬರುವುದಿಲ್ಲ. ಹುಡುಗ ಮಾತ್ರ ನಿಲ್ಲದೆ ಅದೇ ಹಲಗೆಯನ್ನು ಮತ್ತೆ ಮತ್ತೆ ಓದುತ್ತಾನೆ. ಹಲಗೆ 4,096 ಬೈಟಿನದಾದರೆ ಅದನ್ನು ಒಮ್ಮೆ ಓದಲು ಸುಮಾರು 0.37 ಸೆಕೆಂಡ್ ಹಿಡಿಯುತ್ತದೆ, ಎಂದರೆ ಸೆಕೆಂಡಿಗೆ ಎರಡು ಮೂರು ಸಲ. ನಾವು ಕೇಳಿದ 'ಆ್ಯಪ್, ಆ್ಯಪ್' ಇದೇ. ಕಾರ್ಡ್ ಬದುಕಿತ್ತು, ಡಿಎಂಎ ನಡೆಯುತ್ತಿತ್ತು, ಸ್ಪೀಕರ್ ಸರಿಯಿತ್ತು. ಗಂಟೆಯ ಸದ್ದೊಂದು ತಲುಪುತ್ತಿರಲಿಲ್ಲ.

ಈ ಗಂಟೆಗೆ ಇಂಟರಪ್ಟ್ ಎಂದು ಹೆಸರು. ಕಾಫಿಯನ್ನು ಕಣದಲ್ಲಿ ಒಣಹಾಕಿದ ನಮ್ಮ ಕಡೆಯ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೋಡ ಬಂತೇ ಎಂದು ಐದು ನಿಮಿಷಕ್ಕೊಮ್ಮೆ ಅಂಗಳಕ್ಕೆ ಹೋಗಿ ಬರುವವನು ಲೆಕ್ಕ ಬರೆಯಲಾರ. ಕಣದಲ್ಲಿರುವವರೇ ಮೋಡ ಕಂಡಾಗ ಕೂಗಿದರೆ, ಅವನು ಲೇಖನಿ ಕೆಳಗಿಟ್ಟು ಓಡಿ ಟಾರ್ಪಾಲು ಹೊದಿಸಿ, ಮರಳಿ ಬಂದು ಬಿಟ್ಟ ಸಾಲಿನಿಂದಲೇ ಬರವಣಿಗೆ ಮುಂದುವರಿಸಬಹುದು. ಮೂರು ಸಾವಿರ ರೂಪಾಯಿಯ ಫೋನಿನಿಂದ ಹಿಡಿದು ಉಪಗ್ರಹದವರೆಗೆ ಗಣಕಗಳೆಲ್ಲ ಬದುಕಿರುವುದು ಈ ಕೂಗಿನ ಮೇಲೆಯೇ. ಗಣಕವಿಜ್ಞಾನದಲ್ಲಿ ಇದಕ್ಕಿಂತ ಚೆಲುವಾದ ವ್ಯವಸ್ಥೆ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

1981ರ ಐಬಿಎಂ ಪಿಸಿಯಲ್ಲಿ ಇಂತಹ ಕೂಗಿಗೆಂದು ಎಂಟು ತಂತಿಗಳಿದ್ದವು. 1984ರ ಪಿಸಿ ಎಟಿಯಲ್ಲಿ ಎರಡನೆಯ ಚಿಪ್ಪು ಸೇರಿ, ಅದರ ಜೋಡಣೆಗೆ ಹೋದ ಒಂದನ್ನು ಬಿಟ್ಟರೆ, ಹದಿನೈದು ಉಳಿದವು. ಅವುಗಳನ್ನು ಐಎಸ್‌ಎ ಎಂಬ ಹಳೆಯ ಬಗೆಯ ಕಾರ್ಡುಗಳು ಸಾಮಾನ್ಯವಾಗಿ ಹಂಚಿಕೊಳ್ಳಲಾರವು. ಅಲ್ಲಿ ತಂತಿಯ ವೋಲ್ಟೇಜ್ ಕೆಳಗಿನಿಂದ ಮೇಲಕ್ಕೆ ಏರುವ ಆ ಕ್ಷಣವೇ ಕರೆ. ಹಗ್ಗ ಎಳೆದಾಗ ಮಾತ್ರ ದೇವಸ್ಥಾನದ ಗಂಟೆ ಬಾರಿಸುವಂತೆ. ಒಂದೇ ಹಗ್ಗವನ್ನು ಇಬ್ಬರು ಹಿಡಿದು, ಅವರಲ್ಲೊಬ್ಬ ಅದನ್ನು ಅಲುಗಾಡದಂತೆ ಬಿಗಿಹಿಡಿದರೆ ಇನ್ನೊಬ್ಬ ಎಷ್ಟು ಜಗ್ಗಿದರೂ ಸದ್ದಾಗುವುದಿಲ್ಲ. ಮುಂದೆ ಬಂದ ಪಿಸಿಐ ಕಾರ್ಡುಗಳು ಗಂಟೆಯ ಬದಲು ಬಾವುಟದ ಕ್ರಮವನ್ನು ಅನುಸರಿಸಿದವು: ಯಾರು ಬೇಕಾದರೂ ಬಾವುಟ ಹಾರಿಸಬಹುದು, ಕೆಲಸ ಮುಗಿಯುವವರೆಗೆ ಅದು ಹಾರುತ್ತಲೇ ಇರುತ್ತದೆ, ಹಾರಿಸಿದವರು ಯಾರೆಂದು ಪ್ರೊಸೆಸರ್ ಆಮೇಲೆ ವಿಚಾರಿಸಿಕೊಳ್ಳುತ್ತದೆ.

ಹಾಗಾದರೆ ಹಗ್ಗ ಹಿಡಿದವರು ಯಾರು? ಅಟ್ಟಕ್ಕೇರಿಸುವ ಮುನ್ನ ಕಡತಗಳನ್ನು ನಕಲು ಮಾಡಿಕೊಳ್ಳಲೆಂದು ಮೇಷ್ಟ್ರ ಮಗ ಒಂದು ಹಳೆಯ ಐಎಸ್‌ಎ ನೆಟ್‌ವರ್ಕ್ ಕಾರ್ಡನ್ನು ಕೂರಿಸಿದ್ದ. ಪೆಟ್ಟಿಗೆ ಬಿಚ್ಚಿ ನೋಡಿದಾಗ ಅದರ ಮೇಲೆ ಸಾಲಾಗಿ ನಿಂತಿದ್ದ ಪುಟ್ಟ ಪಿನ್ನುಗಳಲ್ಲಿ, ಐದು ಎಂದು ಅಚ್ಚಾಗಿದ್ದ ಜೋಡಿಗೆ ಅಕ್ಕಿಕಾಳಿಗಿಂತ ತುಸು ದಪ್ಪನಾದ ಕಪ್ಪು ಟೋಪಿ ತೊಡಿಸಿತ್ತು. ಕಾರ್ಡ್ ಯಾವ ತಂತಿಯನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಈ ಟೋಪಿಯೇ. ಸೌಂಡ್ ಕಾರ್ಡಿನ ತಂತಿಯೂ ಐದನೆಯದೇ. ಯಂತ್ರ ಚಾಲೂ ಆಗುವಾಗ ಓದುವ ಆಟೋಎಕ್ಸೆಕ್ ಕಡತದಲ್ಲಿ 'ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಎಚ್5 ಟಿ6' ಎಂಬ ಸಾಲಿತ್ತು; ಅದರಲ್ಲಿ ಐ5 ಎಂದರೆ ಐದನೆಯ ಇಂಟರಪ್ಟ್, ಡಿ1 ಎಂದರೆ ಒಂದನೆಯ ಡಿಎಂಎ ಹಾದಿ. ಡಾಸ್ ತಂತ್ರಾಂಶಗಳು ಈ ಸಾಲನ್ನು ಓದಿಯೇ ಕಾರ್ಡನ್ನು ಹುಡುಕುತ್ತವೆ. ಸಾಲು ಸರಿಯಾಗಿಯೇ ಇತ್ತು. ವಿಂಡೋಸ್ ಅನ್ನು ನೂರು ಸಲ ಮರಳಿ ಹಾಕಿದರೂ ಆ ಕಪ್ಪು ಟೋಪಿ ತನ್ನ ಜಾಗದಿಂದ ಕದಲುತ್ತಿರಲಿಲ್ಲ.

ನಮ್ಮ ಮಳೆಯ ತೇವ ನೆನಪಾಗಿ ಮೊದಲು ಸೌಂಡ್ ಕಾರ್ಡಿನ ಅಂಚಿನ ಚಿನ್ನದ ಲೇಪದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ. ಹತ್ತಿಯಲ್ಲಿ ಕಂದು ಕೊಳೆ ಬಂತು, ತೊದಲು ಹೋಗಲಿಲ್ಲ. ಬಳಿಕ ಚಿಮುಟದಿಂದ ಆ ಟೋಪಿಯನ್ನು ಕಿತ್ತು ಹತ್ತನೆಯ ಜೋಡಿಗೆ ತೊಡಿಸಿದೆ. ಪಿಸಿಐ ಕಾರ್ಡುಗಳು ಐದನೆಯ ತಂತಿಯನ್ನು ಮತ್ತೆ ಆಕ್ರಮಿಸದಂತೆ, ಯಂತ್ರ ಚಾಲೂ ಆದೊಡನೆ ಮೊದಲು ಓಡುವ ತಂತ್ರಾಂಶವಾದ ಬಯಾಸ್‌ನಲ್ಲಿ ಅದನ್ನು ಹಳೆಯ ಐಎಸ್‌ಎ ಕಾರ್ಡಿಗೆಂದು ಮೀಸಲಿಟ್ಟೆ.

ಯಂತ್ರ ಡಾಸ್‌ಗೆ ಬಂದು, ಸಂಗೀತ ಮುಗಿದು, ಪರದೆಯ ಮೇಲೆ ಕೆಂಪು ಹಣ್ಣಿನ ಚಿತ್ರ ಮೂಡಿತು. 'ಆ್ಯಪಲ್' ಎಂದಿತು ಧ್ವನಿ, ಕೊನೆಯ ಲಕಾರದವರೆಗೂ ಪೂರ್ಣವಾಗಿ. ಮೇಷ್ಟ್ರು ಏನೂ ಹೇಳದೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೀಬೋರ್ಡಿನಲ್ಲಿ ಬಿ ಅಕ್ಷರವನ್ನು ಒತ್ತಿದರು.