ಪೆನ್ಸಿಲ್ ಜಾರುವುದೇಕೆ?

ಆಸ್ಪತ್ರೆಯ ಮಂಚದ ಮೇಲೆ ಕೂತ ಮಗು ಕಾಪಿ ಬರೆಯುತ್ತಿದೆ. ಎಡಗೈಗೆ ಡ್ರಿಪ್. ಬಲಗೈಯಿಂದ ಪೆನ್ಸಿಲ್ ಮತ್ತೆ ಮತ್ತೆ ಜಾರುತ್ತದೆ, ಹೋದ ವರ್ಷ ದುಂಡಗಿದ್ದ ಅಕ್ಷರ ಈಗ ಗೆರೆ ದಾಟುತ್ತದೆ. ‘ಪಾಪ, ಅಭ್ಯಾಸ ತಪ್ಪಿಹೋಗಿದೆ’ ಎನ್ನುತ್ತೇವೆ. ಆದರೆ ಕಾರಣ ಔಷಧಿಯಲ್ಲಿರಬಹುದು.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಅದಕ್ಕೆ ಕೊಡುವ ವಿನ್‌ಕ್ರಿಸ್ಟೀನ್ ದೊರೆತದ್ದು ನಮ್ಮ ಅಂಗಳದಲ್ಲೂ ಅರಳುವ ನಿತ್ಯಪುಷ್ಪದ ಗಿಡದಿಂದ. ಜೀವಕೋಶ ಎರಡಾಗಲು ಅದರೊಳಗಿನ ಅತಿಸೂಕ್ಷ್ಮ ಕೊಳವೆಗಳು ಜೋಡಣೆಯಾಗಬೇಕು. ಔಷಧಿ ಅದನ್ನು ತಡೆಯುತ್ತದೆ, ಕ್ಯಾನ್ಸರ್ ಕೋಶ ಸಾಯುತ್ತದೆ. ಆದರೆ ನರತಂತುಗಳ ಒಳಗೆ ಬೇಕಾದ ಸಾಮಗ್ರಿ ಸಾಗುವ ಹಳಿಗಳೂ ಅವೇ ಕೊಳವೆಗಳು. ಹಳಿ ಕೆಟ್ಟರೆ ಮೊದಲು ಸೊರಗುವುದು ಉದ್ದನೆಯ ನರಗಳ ತುದಿ, ಎಂದರೆ ಪಾದ ಮತ್ತು ಬೆರಳು. ಬಹಳಷ್ಟು ಮಕ್ಕಳಲ್ಲಿ ಇದು ನಿಧಾನವಾಗಿ ಸುಧಾರಿಸುತ್ತದೆ. ಅಲ್ಲಿಯವರೆಗೆ ದಪ್ಪ ಪೆನ್ಸಿಲ್ ಕೊಡಿ, ಉತ್ತರವನ್ನು ಬಾಯಲ್ಲೇ ಕೇಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಶಾಲೆಯ ಮೇಷ್ಟ್ರಿಗೂ ನಾಲ್ಕು ಸಾಲು ಇರಬೇಕು ಎಂದು ನಾನು ಹೇಳುವುದು ಇದಕ್ಕೇ.

ಚಿಕಿತ್ಸೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಪಕ್ಕದ ಬೆಂಚಿನವರು ಕೂಡುವ ಲೆಕ್ಕ ಮುಗಿಸಿ ಭಿನ್ನರಾಶಿ ಕಲಿತಿರುತ್ತಾರೆ. ಈ ಮಗುವಿಗೆ ಬಿಳಿ ರಕ್ತಕಣ ಇಳಿದಾಗ ಸಣ್ಣ ಜ್ವರ ಬಂದರೂ ಮತ್ತೆ ವಾರ್ಡು. ಮಿದುಳು ಬಳ್ಳಿಯ ದ್ರವಕ್ಕೆ ಮೆಥೋಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ ಚುಚ್ಚಿಸಿಕೊಂಡ ಕೆಲವರಲ್ಲಿ ವರ್ಷಗಳ ಮೇಲೆ ಗಮನ ಚದುರುತ್ತದೆ, ಲೆಕ್ಕ ಮಾಡಲು ಹೆಚ್ಚು ಹೊತ್ತು ಬೇಕಾಗುತ್ತದೆ. ‘ಮೊದಲು ಗುಣವಾಗಲಿ, ಓದು ಆಮೇಲೆ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ, ನಿಜ. ಆದರೂ ಒಪ್ಪಲಾರೆ. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಬಂದ ನೂರು ಮಕ್ಕಳಲ್ಲಿ ಸುಮಾರು 90 ಮಂದಿ ಬದುಕಿ ದೊಡ್ಡವರಾಗುತ್ತಾರೆ. ಅವರಿಗೆ ಭಿನ್ನರಾಶಿ ಬೇಕೇ ಬೇಕು.

ಯುರೋಪಿನ ಸಂಘಟನೆಗಳು 1988ರಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್ ನಗರದಲ್ಲಿ ಸೇರಿ, ಆಸ್ಪತ್ರೆಯಲ್ಲಿರುವ ಮಕ್ಕಳಿಗಾಗಿ ಹತ್ತು ಅಂಶಗಳ ಸನ್ನದು ಬರೆದವು. ಆಟ, ಪಾಠ ಎರಡೂ ಅದರಲ್ಲಿವೆ. ಜಪಾನಿನ ಹಲವು ಆಸ್ಪತ್ರೆಗಳ ಒಳಗೇ ತರಗತಿ ನಡೆಯುತ್ತದೆ.

ಆದರೂ ಅಲ್ಲಿ ತನ್ನದೇ ಕ್ಲಾಸಿನ ಗೆಳೆಯರಿಲ್ಲವಲ್ಲ! ನಾರ್ವೆಯಲ್ಲಿ ತಯಾರಾದ ಎವಿ1 ಎಂಬ ಪುಟ್ಟ ಬಿಳಿ ರೋಬೋ ಈ ಕೊರತೆಯನ್ನೇ ಗಮನಿಸಿದೆ. ಅದು ಕ್ಲಾಸಿನಲ್ಲಿ ಮಗುವಿನ ಜಾಗದಲ್ಲಿ ಕೂರುತ್ತದೆ. ಮಗು ಟ್ಯಾಬ್ಲೆಟ್ಟಿನಲ್ಲಿ ಕ್ಲಾಸನ್ನು ನೋಡುತ್ತದೆ, ಮಾತಾಡುತ್ತದೆ. ಕ್ಲಾಸಿನವರಿಗೆ ಮಾತ್ರ ಮಗುವಿನ ಮುಖ ಕಾಣುವುದಿಲ್ಲ. ಕೂದಲು ಉದುರಿ, ಸ್ಟೀರಾಯ್ಡಿಗೆ ಮುಖ ಊದಿರುವಾಗ ಅದೆಷ್ಟು ದೊಡ್ಡ ಸಮಾಧಾನ! ಉತ್ತರ ಹೊಳೆದರೆ ಪರದೆ ಮುಟ್ಟಿದರಾಯಿತು. ದೂರದ ಆ ಬೆಂಚಿನ ಮೇಲೆ ರೋಬೋದ ತಲೆಯಲ್ಲಿ ದೀಪ ಮಿನುಗುತ್ತದೆ, ಮಗು ಕೈ ಎತ್ತಿದೆ ಎಂದು ಮೇಷ್ಟ್ರಿಗೆ ತಿಳಿಯುತ್ತದೆ.