ಯೂನ್ಯಳಿಗೋ, ಯೂನ್ಯನಿಗೋ?

ಯೇಸುವಿನ ಸುದ್ದಿ ಸಾರುತ್ತ ಊರೂರು ತಿರುಗಿದ ಪೌಲ ರೋಮಾಪುರದವರಿಗೆ ಬರೆದ, ಬೈಬಲಿನಲ್ಲಿ ಸೇರಿರುವ ಪತ್ರದ ಕೊನೆಯ ಅಧ್ಯಾಯವನ್ನು ಜಾಸ್ತಿ ಜನ ಗಮನ ಕೊಟ್ಟು ಓದುವುದಿಲ್ಲ. ಇಂಥವರಿಗೆ ವಂದನೆ, ಅಂಥವರಿಗೆ ವಂದನೆ ಅಂತ ಹೆಸರುಗಳ ಸಾಲು ಅದು. ಮದುವೆ ಪತ್ರಿಕೆಯ ಕೆಳಗಿನ ಹೆಸರುಗಳ ಮೇಲೆ ಕಣ್ಣು ಸುಮ್ನೆ ಜಾರಿ ಹೋಗುತ್ತದಲ್ಲ, ಹಾಗೆ. ಆದರೆ 16ನೆಯ ಅಧ್ಯಾಯದ 7ನೆಯ ವಚನದಲ್ಲಿ ಒಂದು ಹೆಸರಿದೆ. ಅದನ್ನು ಕನ್ನಡಕ್ಕೆ ತರಲು ಕೂತವರ ಪೆನ್ನು ಅಲ್ಲಿ ನಿಲ್ಲಲೇಬೇಕು. ‘ಯೂನ್ಯನಿಗೆ’ ಎಂದು ಬರೆಯಬೇಕೋ, ‘ಯೂನ್ಯಳಿಗೆ’ ಎಂದೋ? (‘ಯೂನ್ಯರಿಗೆ’ ಎಂದು ಮರ್ಯಾದೆ ಕೊಟ್ಟು ತಪ್ಪಿಸಿಕೊಳ್ಳಬಹುದು ಅನ್ನಿ.)

ಪತ್ರ ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ, ಗ್ರೀಸಿನ ಕೊರಿಂಥದಿಂದ. ಆ ವಚನದಲ್ಲಿ ಪೌಲ ಅಂದ್ರೋನಿಕ ಮತ್ತು ಯೂನ್ಯ ಎಂಬ ಇಬ್ಬರನ್ನು ನೆನೆಯುತ್ತಾನೆ. ಅವರು ತನ್ನ ಸ್ವಜನರು, ತನ್ನ ಹಾಗೆ ಸೆರೆ ಕಂಡವರು, ಅಪೊಸ್ತಲರಲ್ಲಿ ಹೆಸರಾದವರು, ತನಗಿಂತ ಮೊದಲೇ ಕ್ರಿಸ್ತನನ್ನು ನಂಬಿದವರು ಎನ್ನುತ್ತಾನೆ. (ಅಪೊಸ್ತಲರೆಂದರೆ ಯೇಸುವಿನ ಸುದ್ದಿ ಸಾರಲು ಕಳಿಸಲ್ಪಟ್ಟವರು, ಮೊದಲ ಕ್ರೈಸ್ತರ ಮುಂದಾಳುಗಳು.) ಪೌಲ ನಂಬಿದ್ದೇ ಯೇಸುವಿನ ಮರಣದ ಕೆಲವೇ ವರ್ಷಗಳಲ್ಲಿ. ಅವನಿಗಿಂತ ಮೊದಲು ಅಂದರೆ ಈ ಇಬ್ಬರೂ ತೀರಾ ಮೊದಲ ತಲೆಮಾರಿನವರು. ಬೈಬಲಿನಲ್ಲಿ ಇವರ ಸುದ್ದಿ ಇಷ್ಟೇ.

ತೊಡಕು ಇರುವುದು ಗ್ರೀಕ್ ವ್ಯಾಕರಣದಲ್ಲಿ. ಮೂಲದಲ್ಲಿ ಹೆಸರು ದ್ವಿತೀಯಾ ವಿಭಕ್ತಿಯಲ್ಲಿದೆ: ಯೂನಿಯಾನ್. ಯೂನಿಯಾ ಎಂಬ ಹೆಂಗಸಿನ ಹೆಸರೂ ಈ ವಿಭಕ್ತಿಯಲ್ಲಿ ಹೀಗೇ ಆಗುತ್ತದೆ, ಯೂನಿಯಾಸ್ ಎಂಬ ಗಂಡಸಿನ ಹೆಸರೂ ಹೀಗೇ ಆಗುತ್ತದೆ. ವ್ಯತ್ಯಾಸ ಅಕ್ಷರದಲ್ಲಿಲ್ಲ, ಅಕ್ಷರದ ಮೇಲಿನ ಒತ್ತಿನ ಗುರುತಿನಲ್ಲಿದೆ. ‘ನಿ’ ಮೇಲೆ ಒತ್ತು ಬಿದ್ದರೆ ಹೆಣ್ಣು, ‘ಯಾ’ ಮೇಲೆ ಬಿದ್ದರೆ ಗಂಡು. ಹಳೆಯ ಹಸ್ತಪ್ರತಿಗಳಲ್ಲಿ ಒತ್ತಿನ ಗುರುತೇ ಇರಲಿಲ್ಲ, ಪದಗಳ ನಡುವೆ ಜಾಗವೂ ಇರಲಿಲ್ಲ.

ಹಾಗಾದರೆ ಆ ಕಾಲದವರು ಹೇಗೆ ಓದಿಕೊಂಡರು? ಹೆಣ್ಣೆಂದೇ. ಜಾನ್ ಕ್ರಿಸೋಸ್ತೊಮ್ ಎಂಬ ಕ್ರೈಸ್ತ ಗುರು 4ನೆಯ ಶತಮಾನದ ಕೊನೆಯಲ್ಲಿ ಈ ಪತ್ರದ ಮೇಲೆ ಪ್ರಸಂಗ ಮಾಡಿದ. ಮಾತಿನ ಸೊಗಸಿಗೆ ಜನ ಅವನನ್ನು ‘ಚಿನ್ನದ ಬಾಯಿ’ ಎಂದು ಕರೆದರು, ಆ ಹೆಸರಿನ ಅರ್ಥವೇ ಅದು. ಅಪೊಸ್ತಲರೆಂಬ ಹೆಸರಿಗೇ ತಕ್ಕವಳಾಗಬೇಕಿದ್ದರೆ ಈ ಹೆಂಗಸಿನ ವಿವೇಕ ಎಷ್ಟು ದೊಡ್ಡದಿರಬೇಕು ಎಂದು ಅವನು ಬೆರಗಾಗುತ್ತಾನೆ. ಹೆಂಗಸರು ಸಭೆಯಲ್ಲಿ ಬೋಧಿಸುವುದನ್ನು ಒಪ್ಪದ ಮನುಷ್ಯ ಅವನು. ಹೆಣ್ಣುಮಕ್ಕಳ ಪರ ವಾದ ಮಾಡಲು ಹೊರಟವನಲ್ಲ. ಹಾಗಾಗಿಯೇ ಅವನ ಸಾಕ್ಷಿಗೆ ನನ್ನ ಮಟ್ಟಿಗೆ ತೂಕ ಹೆಚ್ಚು. ಪೌಲನ ಪತ್ರಗಳ ತೀರಾ ಹಳೆಯ ಪ್ರತಿಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 200ರ ಪಪೈರಸ್ಸಿನಲ್ಲಿ ಇಲ್ಲಿ ‘ಯೂಲಿಯಾ’ ಎಂದಿದೆ. ನಕಲು ಮಾಡಿದವನ ಕೈತಪ್ಪಿರಬಹುದು. ಆದರೆ ಅದೂ ಹೆಂಗಸಿನ ಹೆಸರೇ, ಅಲ್ವಾ?

ಒಂದು ಅಪವಾದ ಇದೆ. 4ನೆಯ ಶತಮಾನದ ಬಿಷಪ್ ಎಪಿಫಾನಿಯಸ್ ಹೆಸರಿನಲ್ಲಿ ಸಿಗುವ ಶಿಷ್ಯರ ಪಟ್ಟಿಯೊಂದು ಯೂನಿಯಾಸ್ ಎಂಬ ಗಂಡಸನ್ನು ಬಿಷಪ್ ಮಾಡಿ ಕೂರಿಸಿದೆ. ಅದೇ ಪಟ್ಟಿ ಅಕ್ವಿಲನ ಹೆಂಡತಿ ಪ್ರಿಸ್ಕಳನ್ನೂ ಗಂಡಸಾಗಿಸಿದೆ! ಅದನ್ನು ಎಷ್ಟು ನಂಬುವುದು ಎಂದು ನೀವೇ ಹೇಳಿ.

ಪಶ್ಚಿಮದಲ್ಲಿ ಗಾಳಿ ತಿರುಗಿದ್ದು ಮಧ್ಯಯುಗದಲ್ಲಿ. 1316ರಲ್ಲಿ ತೀರಿಕೊಂಡ ರೋಮಿನ ಜೈಲ್ಸ್ ಎಂಬ ಪಂಡಿತ ಈ ಇಬ್ಬರನ್ನೂ ಗಂಡಸರೆಂದು ಬರೆದ. 1522ರಲ್ಲಿ ಲೂಥರನ ಜರ್ಮನ್ ಹೊಸ ಒಡಂಬಡಿಕೆಯಲ್ಲೂ (ಬೈಬಲಿನ ಎರಡನೆಯ ಭಾಗ) ಯೂನಿಯಾಸ್ ಗಂಡಸೇ. 1611ರ ಇಂಗ್ಲಿಷ್ ಬೈಬಲ್ ಮಾತ್ರ ‘ಜೂನಿಯಾ’ ಎಂದೇ ಉಳಿಸಿಕೊಂಡಿತು. ದೊಡ್ಡ ಏಟು ಬಿದ್ದದ್ದು 1927ರಲ್ಲಿ. ಪಂಡಿತರು, ಅನುವಾದಕರು ಎಲ್ಲರೂ ಕೈಗೆತ್ತಿಕೊಳ್ಳುತ್ತಿದ್ದ ನೆಸ್ಲೆ ಎಂಬ ಜರ್ಮನ್ ವಿದ್ವಾಂಸರ ಹೆಸರಿನ ಗ್ರೀಕ್ ಹೊಸ ಒಡಂಬಡಿಕೆಯ ಆವೃತ್ತಿ ಆ ವರ್ಷ ಒತ್ತಿನ ಗುರುತನ್ನು ಬದಲಿಸಿ ಗಂಡಸಿನ ರೂಪ ಮುದ್ರಿಸಿತು. ಮೂಲವೇ ಹಾಗಿದ್ದ ಮೇಲೆ ಅನುವಾದಕರು ಇನ್ನೇನು ಮಾಡಿಯಾರು? 1946ರ ಇಂಗ್ಲಿಷ್ ಪರಿಷ್ಕೃತ ಅನುವಾದ ಹೆಸರನ್ನು ಬದಲಿಸಿದ್ದು ಸಾಲದು ಎಂಬಂತೆ, ಮೂಲದಲ್ಲಿಲ್ಲದ ‘ಪುರುಷರು’ ಎಂಬ ಪದವನ್ನೂ ಸೇರಿಸಿತು.

ಗಂಡಸಿನ ಪರ ಇದ್ದ ವಾದ ಇಷ್ಟು: ಯೂನಿಯಾಸ್ ಎಂಬುದು ಯೂನಿಯಾನುಸ್ ಎಂಬ ಹೆಸರಿನ ಮೊಟಕು ರೂಪ ಇರಬಹುದು. ನಮ್ಮಲ್ಲಿ ವೆಂಕಟೇಶ ವೆಂಕಿ ಆಗುವುದಿಲ್ಲವೇ? ಕೇಳಲು ಸರಿಯಾಗಿಯೇ ಇದೆ. ಆದರೆ ಹುಡುಕಿದಾಗ, ಆ ಕಾಲದ ಶಾಸನಗಳಲ್ಲಾಗಲಿ ಬರಹಗಳಲ್ಲಾಗಲಿ ಯೂನಿಯಾಸ್ ಎಂಬ ಒಬ್ಬನೂ ಸಿಗಲಿಲ್ಲ. ಯೂನಿಯಾ ಎಂಬ ಹೆಸರು ರೋಮ್ ನಗರ ಒಂದರಲ್ಲೇ 250ಕ್ಕೂ ಹೆಚ್ಚು ಸಲ ಸಿಕ್ಕಿದೆ. 1977ರಲ್ಲಿ ಬರ್ನಡೆಟ್ ಬ್ರೂಟನ್ ಎಂಬ ವಿದ್ವಾಂಸೆ ಇದನ್ನು ಎತ್ತಿ ಬರೆದ ಮೇಲೆ ಚರ್ಚೆ ಬಿಸಿಯಾಯಿತು. ‘ಅಪೊಸ್ತಲರ ಸಾಲಿನಲ್ಲಿ ಹೆಂಗಸು ಇರಲಾರಳು, ಆದ್ದರಿಂದ ಇದು ಗಂಡಸಿನ ಹೆಸರು’ ಎಂದು ಮೊದಲೇ ತೀರ್ಮಾನ ಮಾಡಿಕೊಂಡದ್ದು ಬಿಟ್ಟರೆ ಬೇರೆ ಗಟ್ಟಿ ಕಾರಣ ನನಗಂತೂ ಕಾಣುವುದಿಲ್ಲ. 1998ರ ಮುದ್ರಣದಲ್ಲಿ ಗ್ರೀಕ್ ಆವೃತ್ತಿ ಒತ್ತಿನ ಗುರುತನ್ನು ಹಳೆಯ ಜಾಗಕ್ಕೆ ತಂದಿತು. ಪೂರ್ವದ ಆರ್ಥಡಾಕ್ಸ್ ಕ್ರೈಸ್ತ ಸಭೆಗೆ ಈ ಗಲಾಟೆಯೇ ಇರಲಿಲ್ಲ. ಅವರ ಪಂಚಾಂಗದಲ್ಲಿ ಮೇ 17 ಅಂದ್ರೋನಿಕ ಮತ್ತು ಯೂನ್ಯ ಇಬ್ಬರ ಹಬ್ಬ.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ, ವಾದ ಪಕ್ಕದ ಪದಕ್ಕೆ ಜಿಗಿಯಿತು. ಸರಿ, ಹೆಂಗಸೇ ಇರಲಿ. ಆದರೆ ಅವಳು ‘ಅಪೊಸ್ತಲರಲ್ಲಿ ಹೆಸರಾದವಳೋ’, ‘ಅಪೊಸ್ತಲರಿಗೆ ಚೆನ್ನಾಗಿ ಗೊತ್ತಿದ್ದವಳೋ’? 2001ರಲ್ಲಿ ಇಬ್ಬರು ವಿದ್ವಾಂಸರು ಎರಡನೆಯದೇ ಸರಿ ಎಂದು ವಾದಿಸಿದರು. ಅದೇ ವರ್ಷ ಬಂದ ಒಂದು ಇಂಗ್ಲಿಷ್ ಅನುವಾದವೂ ಹಾಗೇ ಹೇಳಿತು. ನಮ್ಮ ‘ಅಲ್ಲಿ’ ಪ್ರತ್ಯಯ ಎರಡಕ್ಕೂ ದಾರಿ ಬಿಡುತ್ತದೆ. ಡಾಕ್ಟರೊಬ್ಬರು ‘ಹಳ್ಳಿಯವರಲ್ಲಿ ಹೆಸರುವಾಸಿ’ ಎಂದರೆ ಅವರೂ ಹಳ್ಳಿಯವರೇ ಆಗಿರಬೇಕಿಲ್ಲ. ಗ್ರೀಕ್ ಪದವನ್ನು ಹೇಗೆ ಓದಬೇಕು ಎಂಬ ಬಗ್ಗೆ ಲೇಖನಗಳು ಇಂದಿಗೂ ಬರುತ್ತಿವೆ. ಗ್ರೀಕ್‌ನಲ್ಲೇ ಹುಟ್ಟಿ ಬೆಳೆದ ಕ್ರಿಸೋಸ್ತೊಮನಿಗೆ ಮಾತ್ರ ಈ ಅನುಮಾನ ಬಂದಂತೆ ಕಾಣುವುದಿಲ್ಲ.